ಕೂಗಳತೆಯ ಗಣಿತ

ಜೋಯಿಡಾ ತಾಲೂಕಿನ ಕಾಡಂಚಿನ ಒಂದು ಮನೆಯಲ್ಲಿ ಮೊಬೈಲಿಗೆಂದೇ ಒಂದು ಜಾಗವಿದೆ. ಜಗಲಿಯ ಮೂಲೆಗಂಬಕ್ಕೆ ಎದೆಮಟ್ಟದಲ್ಲಿ ಸುತಳಿಯಿಂದ ಬಿಗಿದ ಅರ್ಧ ಗರಟೆ, ಅದರೊಳಗೆ ಒರಗಿಸಿ ನಿಲ್ಲಿಸಿದ ಫೋನು. ಮಳೆಗಾಲದ ಒಂದು ಸಂಜೆ ಅಲ್ಲಿ ಕೂತಿದ್ದಾಗ ನಾನು ಸುಮ್ಮನೆ ಅದನ್ನು ಕೈಗೆತ್ತಿಕೊಳ್ಳಹೋದೆ. ಒಲೆಯ ಮುಂದಿದ್ದ ಮನೆಯಾಕೆ ಅಲ್ಲಿಂದಲೇ ತಡೆದರು: "ಇರ್ಲಿ ಬಿಡ್ರಿ ಸರ್, ಸರಸಬ್ಯಾಡ್ರಿ. ನಾಕ್ ಬೆರಳು ಆಚೆ ಹೋದ್ರ ರೇಂಜ್ ಹೋಗತೈತಿ."

ಹಳಿಯಾಳದಲ್ಲಿ ಓದುವ ಮಗಳು ರಜೆಗೆ ಬಂದಿದ್ದಳು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಪ್ರಮಾಣಪತ್ರವೊಂದರ ಫೋಟೊ ತೆಗೆದು ಕಳಿಸಲು ಒತ್ತಿ, ಫೋನನ್ನು ಗರಟೆಯಲ್ಲಿಟ್ಟು ಒಳಗೆ ಹೋಗಿದ್ದಳು. ಫೋಟೊದ ಮೇಲೆ ಚಕ್ರ ತಿರುಗುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಕಾಯುತ್ತಾ ಕೂತಿರಲಿಲ್ಲ. ಒಲೆಯ ಮೇಲೆ ಅನ್ನ ಬೇಯುವ ಹಾಗೆ ಅದೂ ತನ್ನ ಪಾಡಿಗೆ ಆಗುವ ಕೆಲಸ.

ನಾಕು ಬೆರಳು ಎಂದು ಆಕೆ ಹೇಳಿದ ಅಳತೆಯನ್ನು ಆಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮ 4ಜಿ ಫೋನುಗಳು ಬಳಸುವ ಅಲೆಗಳಲ್ಲಿ 1800 ಮೆಗಾಹರ್ಟ್ಸ್‌ನದು ಒಂದು. ಅದರ ಅಲೆಯುದ್ದ ಸುಮಾರು 16.7 ಸೆಂಟಿಮೀಟರ್. ಟವರಿನಿಂದ ಹೊರಟ ಅಲೆ ಒಂದೇ ದಾರಿಯಲ್ಲಿ ನೆಟ್ಟಗೆ ಬರುವುದಿಲ್ಲ. ಗುಡ್ಡಕ್ಕೆ ಬಡಿದು, ಮತ್ತಿ, ನಂದಿ, ಸಾಗುವಾನಿಗಳ ಕಾಂಡಕ್ಕೆ ತಾಗಿ, ತಗಡಿನ ಮಾಡಿನಿಂದ ಪುಟಿದು ಹತ್ತಾರು ದಾರಿಯಲ್ಲಿ ಬಂದು ಫೋನಿನಲ್ಲಿ ಕೂಡಿಕೊಳ್ಳುತ್ತದೆ. ಉಬ್ಬಿಗೆ ಉಬ್ಬು ಸೇರಿದಲ್ಲಿ ಸಿಗ್ನಲ್ ಬಲಿಯುತ್ತದೆ. ಉಬ್ಬಿಗೆ ತಗ್ಗು ಸೇರಿದಲ್ಲಿ ಒಂದು ಇನ್ನೊಂದನ್ನು ಅಳಿಸಿಹಾಕುತ್ತದೆ. ಒಂದು ಬಲಿತ ಜಾಗದಿಂದ ಮುಂದಿನದಕ್ಕೆ ಹೆಚ್ಚುಕಡಿಮೆ ಅರ್ಧ ಅಲೆಯುದ್ದ, ಅಂದರೆ 8 ಸೆಂಟಿಮೀಟರ್‌ನಷ್ಟು ದೂರ. ನಡುವೆ ತಗ್ಗು. ನಿಮ್ಮ ನಾಲ್ಕು ಬೆರಳುಗಳನ್ನು ಜೋಡಿಸಿ ಅಳೆದು ನೋಡಿ. ಪುಸ್ತಕ ನೋಡದೆ, ದಿನದಿನದ ಬಳಕೆಯಿಂದಲೇ ಆಕೆ ಆ ಅಲೆಯ ಅಳತೆ ಹಿಡಿದಿದ್ದರು.

ಇಷ್ಟು ಚಂಚಲವಾದ ಗಾಳಿಯಲ್ಲಿ ಒಂದು ಫೋಟೊ ಒಂದಕ್ಷರವೂ ಅಳಿಯದೆ ಊರು ಮುಟ್ಟುತ್ತದಲ್ಲ, ಅದು ಹೇಗೆ? ಗಾಳಿಯ ಗುಣ ನೋಡಿಕೊಂಡು ಫೋನು ಮತ್ತು ಟವರು ತಮ್ಮ ಮಾತಿನ ವೇಗವನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತವೆ. 4ಜಿಯಲ್ಲಿ ಈ ತಿದ್ದುಪಡಿಗೆ ಸೆಕೆಂಡಿಗೆ ಸಾವಿರ ಸಲ ಅವಕಾಶವಿದೆ. ಈ ವಿದ್ಯೆಯ ಹೆಸರು ಅಡಾಪ್ಟಿವ್ ಮಾಡ್ಯುಲೇಷನ್. ಉತ್ತರ ಕನ್ನಡದ ಈ ಮೂಲೆಯಲ್ಲಿ ಅದರ ಏಣಿಯ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿನ ತನಕ ಎಲ್ಲವೂ ಒಂದು ದಿನದ ಬಸ್ ಪ್ರಯಾಣದಲ್ಲಿ ಸಿಗುತ್ತವೆ.

ಹಳಿಯಾಳ ಧಾರವಾಡದ ಸೀಮೆಗೆ ತಾಗಿದ ಊರು. ಭತ್ತ, ಕಬ್ಬಿನ ಹೊಲಗಳ ಆಚೆಗೂ ಟವರು ಕಣ್ಣಿಗೆ ಬೀಳುತ್ತದೆ. ಮುಂಡಗೋಡದಲ್ಲೂ ಬಯಲು ಹೆಚ್ಚು. 1966ರಿಂದ ಟಿಬೆಟನ್ನರು ನೆಲೆಸಿರುವ ಕ್ಯಾಂಪುಗಳ ಸುತ್ತ ಕಣ್ಣು ಹರಿದಷ್ಟೂ ಹೊಲ. ದಾಂಡೇಲಿ ಕಾಗದದ ಕಾರ್ಖಾನೆಯ ಪಟ್ಟಣ. ಪೇಟೆಯಲ್ಲಿ ಎಲ್ಲ ಕಡ್ಡಿಗಳೂ ತುಂಬಿರುತ್ತವೆ, ಪೇಟೆ ದಾಟಿ ಬಿದಿರುಮೆಳೆ ಶುರುವಾದರೆ ಒಂದೊಂದೇ ಉದುರುತ್ತವೆ. ಇನ್ನು ಜೋಯಿಡಾ. ಸುಮಾರು 1,900 ಚದರ ಕಿಲೋಮೀಟರಿನ ಆ ತಾಲೂಕಿನಲ್ಲಿ 2011ರ ಜನಗಣತಿಯ ಹೊತ್ತಿಗೆ ಇದ್ದವರು 52 ಸಾವಿರದಷ್ಟು ಜನ. ಗುಡ್ಡದ ಮಡಿಲಿನಲ್ಲಿ, ಕಣಿವೆಯ ತಳದಲ್ಲಿ ಕುಣಬಿಗಳ, ಗೌಳಿಗಳ ನಾಲ್ಕಾರು ಮನೆಗಳ ಕೇರಿಗಳು. ಟವರಿಗೆ ಬೇಕಾದ್ದು ನೇರ ನೋಟ. ಇಲ್ಲಿ ನೇರ ನೋಟ ಎಂಬುದೇ ಅಪರೂಪ.

ಕನ್ನಡದಲ್ಲಿ ದೂರಕ್ಕೆ ಒಂದು ಹಳೆಯ ಅಳತೆಯಿದೆ, ಕೂಗಳತೆ. ಈ ವಿಷಯವನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಒಂದೇ ಜಗಲಿಯಲ್ಲಿ ಕೂತ ಇಬ್ಬರು ಮಾತಾಡುವುದನ್ನು ಕೇಳಿ. ಮಾತು ಓಡುತ್ತದೆ, ಅಕ್ಷರಗಳು ಒಂದರ ಮೇಲೊಂದು ಬೀಳುತ್ತವೆ, ಅರ್ಧ ನುಂಗಿದರೂ ತಿಳಿಯುತ್ತದೆ. ಅವರಲ್ಲೊಬ್ಬ ಎದ್ದು ಗದ್ದೆಯ ಆಚೆ ಬದುವಿಗೆ ಹೋದರೆ ಮಾತಿನ ಚಹರೆಯೇ ಬದಲಾಗುತ್ತದೆ. ವಾಕ್ಯ ಮೊಟಕಾಗುತ್ತದೆ, ಸ್ವರ ಉದ್ದವಾಗುತ್ತದೆ, "ಊಟಕ್ಕ ಬಾ" ಎಂಬಲ್ಲಿ "ಬಾ" ಮಾತ್ರ ಉಳಿಯುತ್ತದೆ. ಕಣಿವೆಯ ಆಚೆಯ ದಡಕ್ಕಾದರೆ ಬರೀ "ಕೂ". ಆ ಕೂಗಿನಲ್ಲಿ ಒಂದೇ ಸುದ್ದಿ, ಆದರೆ ಅದನ್ನು ಇನ್ನೊಂದು ಸದ್ದೆಂದು ತಪ್ಪಾಗಿ ಕೇಳುವುದು ಸಾಧ್ಯವೇ ಇಲ್ಲ. ಗಂಟಲಿನ ಶಕ್ತಿಗೆ ಮಿತಿ ಇರುವಾಗ ಮನುಷ್ಯ ವೇಗವನ್ನು ಕೊಟ್ಟು ದೂರವನ್ನು ಕೊಳ್ಳುತ್ತಾನೆ. ರೇಡಿಯೋ ಅಲೆಗೂ ಇದೇ ವ್ಯಾಪಾರ.

ಅಲೆಯ ಮೇಲೆ ಸುದ್ದಿ ಹೊರಿಸುವ ಕೆಲಸವೇ ಮಾಡ್ಯುಲೇಷನ್. ಇಂದಿನ ಫೋನುಗಳು ಅಲೆಯ ಎತ್ತರವನ್ನೂ ಅದು ಶುರುವಾಗುವ ಗಳಿಗೆಯನ್ನೂ, ಎರಡನ್ನೂ ಬೇಕಾದ ಹಾಗೆ ತಿದ್ದುತ್ತವೆ. ಈ ಎರಡನ್ನು ಸೇರಿಸಿ ಕಾಗದದ ಮೇಲೆ ಗುರುತು ಮಾಡಿದರೆ ಒಂದು ಚುಕ್ಕಿ. ಕಳಿಸುವವನು ಬಳಸಬಹುದಾದ ಎಲ್ಲ ಚುಕ್ಕಿಗಳನ್ನೂ ಒಟ್ಟಿಗೆ ಇಟ್ಟರೆ ಬಾಗಿಲ ಮುಂದಿನ ಚುಕ್ಕಿ ರಂಗೋಲಿ. ಎರಡು ಸಾಲು ಎರಡು ಚುಕ್ಕಿ ಇಟ್ಟರೆ ನಾಲ್ಕು. ನಾಲ್ಕರಲ್ಲಿ ಒಂದನ್ನು ಆರಿಸಿ ಕಳಿಸಿದರೆ ಎರಡು ಬಿಟ್ ಸುದ್ದಿ ಹೋಯಿತು. ನಾಲ್ಕು ಸಾಲು ನಾಲ್ಕು ಚುಕ್ಕಿಯ ರಂಗೋಲಿಯಲ್ಲಿ ಹದಿನಾರು ಚುಕ್ಕಿ, ನಾಲ್ಕು ಬಿಟ್. ಎಂಟು ಸಾಲಿನದರಲ್ಲಿ 64 ಚುಕ್ಕಿ, ಆರು ಬಿಟ್. ಹದಿನಾರು ಸಾಲಿನದರಲ್ಲಿ 256 ಚುಕ್ಕಿ, ಎಂಟು ಬಿಟ್. ಎಂಜಿನಿಯರುಗಳು ಇವಕ್ಕೆ 16-ಕ್ವಾಮ್, 64-ಕ್ವಾಮ್, 256-ಕ್ವಾಮ್ ಎನ್ನುತ್ತಾರೆ. ಎರಡು ಸಾಲಿನ ಪುಟ್ಟ ರಂಗೋಲಿಗೆ ಕ್ಯೂಪಿಎಸ್‌ಕೆ ಎಂದು ಹೆಸರು.

ಹಾಗಿದ್ದರೆ ಯಾವಾಗಲೂ 256 ಚುಕ್ಕಿಯನ್ನೇ ಇಡಬಾರದೇಕೆ? ಅಂಗಳ ದೊಡ್ಡದಾಗುವುದಿಲ್ಲವಲ್ಲ. ಅಂಗಳದ ಅಳತೆ ಎಂದರೆ ಇಲ್ಲಿ ಅಲೆಯ ಶಕ್ತಿ, ಅದಕ್ಕೆ ಮಿತಿಯಿದೆ. ಮೂರೂವರೆ ಅಡಿ, ಅಂದರೆ ಹೆಚ್ಚುಕಡಿಮೆ 105 ಸೆಂಟಿಮೀಟರ್ ಉದ್ದಗಲದ ಜಾಗದಲ್ಲಿ ಚುಕ್ಕಿ ಇಡುತ್ತಿದ್ದೀರಿ ಎಂದುಕೊಳ್ಳಿ. ಎರಡು ಸಾಲಾದರೆ ಚುಕ್ಕಿಯಿಂದ ಚುಕ್ಕಿಗೆ 105 ಸೆಂ.ಮೀ. ನಾಲ್ಕು ಸಾಲಾದರೆ 35. ಎಂಟು ಸಾಲಿಗೆ 15. ಹದಿನಾರು ಸಾಲಿಗೆ ಬರೀ 7. ಈಗ ಅದರ ಮೇಲೆ ಒಂದು ಹನಿ ಮಳೆ ಬಂದಿತು, ಅಥವಾ ಮಗುವೊಂದು ತುಳಿದು ಓಡಿತು. 105 ಸೆಂಟಿಮೀಟರ್ ಅಂತರದ ಚುಕ್ಕಿಗಳು ಕದಡಿದರೂ ಯಾವುದು ಎಲ್ಲಿತ್ತೆಂದು ಹೇಳಬಹುದು. 7 ಸೆಂಟಿಮೀಟರ್ ಅಂತರದವು ಒಂದರೊಳಗೊಂದು ಕಲಸಿಹೋಗುತ್ತವೆ. ಗಾಳಿಯ ಗದ್ದಲ, ಫೋನಿನೊಳಗಿನ ಬಿಸಿಯ ಗದ್ದಲ, ಪಕ್ಕದ ಟವರಿನ ಮಾತು, ಇವೆಲ್ಲ ಸೇರಿ ಚುಕ್ಕಿಗಳನ್ನು ಕದಡುತ್ತಲೇ ಇರುತ್ತವೆ. ಹಳಿಯಾಳದ ಪೇಟೆಯಲ್ಲಿ ಅಲೆ ಬಲವಾಗಿರುವುದರಿಂದ ಕದಡುವಿಕೆ ಲೆಕ್ಕಕ್ಕಿಲ್ಲ, ಒತ್ತೊತ್ತಾಗಿ ಚುಕ್ಕಿ ಇಡಬಹುದು. ಗರಟೆಯ ಫೋನಿಗೆ ನಾಲ್ಕು ಚುಕ್ಕಿಯೇ ಗತಿ.

ನಾಲ್ಕು ಚುಕ್ಕಿಯೂ ಸಾಲದಾದಾಗ ಇನ್ನೊಂದು ಉಪಾಯವಿದೆ. ಲೈನು ಸರಿಯಿಲ್ಲದಾಗ ಫೋನ್ ನಂಬರನ್ನು ನಾವು ಹೇಗೆ ಹೇಳುತ್ತೇವೆ? "ಅರವತ್ತು, ಆರು ಸೊನ್ನೆ, ಹದಿನೈದು, ಒಂದು ಐದು." ಒಂದೇ ಸುದ್ದಿಯನ್ನು ಎರಡು ರೂಪದಲ್ಲಿ ಕೊಟ್ಟರೆ ಒಂದು ಹಾಳಾದರೂ ಇನ್ನೊಂದು ಅದನ್ನು ಕಾಪಾಡುತ್ತದೆ. ಫೋನುಗಳೂ ಅಸಲು ಬಿಟ್‌ಗಳ ಜೊತೆ ಕಾವಲಿನ ಬಿಟ್‌ಗಳನ್ನು ಸೇರಿಸಿ ಕಳಿಸುತ್ತವೆ. ಇದಕ್ಕೆ ಕೋಡಿಂಗ್ ಎನ್ನುತ್ತಾರೆ. 4ಜಿಯ ನಿಯಮಪುಸ್ತಕದಲ್ಲಿ ಚುಕ್ಕಿಯ ಸಂಖ್ಯೆಯನ್ನೂ ಕಾವಲಿನ ಪ್ರಮಾಣವನ್ನೂ ಜೋಡಿಸಿ ಹದಿನೈದು ಮೆಟ್ಟಿಲಿನ ಒಂದು ಪಟ್ಟಿ ಮಾಡಿದ್ದಾರೆ. ಮೇಲಿನ ಮೆಟ್ಟಿಲಿನಲ್ಲಿ 64 ಚುಕ್ಕಿ, ಪ್ರತಿ 1024 ಬಿಟ್‌ನಲ್ಲಿ 948 ಅಸಲು. ಕೆಳಗಿನ ಮೆಟ್ಟಿಲಿನಲ್ಲಿ ನಾಲ್ಕೇ ಚುಕ್ಕಿ, 1024ರಲ್ಲಿ ಅಸಲು ಬರೀ 78. ಉಳಿದ 946 ಬಿಟ್‌ಗಳೂ ಆ 78ನ್ನು ಕಾಯಲು ಹೊರಟ ಕಾವಲುಗಾರರು. ಕಾಡುದಾರಿಯಲ್ಲಿ ಒಬ್ಬನನ್ನು ಕಳಿಸಲು ಹನ್ನೆರಡು ಜನ ಜೊತೆಗೆ ಹೋದ ಹಾಗೆ. ಎರಡು ಮೆಟ್ಟಿಲುಗಳ ನಡುವಿನ ವೇಗದ ಅಂತರ ಮೂವತ್ತಾರು ಪಟ್ಟಿಗೂ ತುಸು ಹೆಚ್ಚು.

ಈ ಮೂವತ್ತಾರು ಪಟ್ಟನ್ನು ಒಂದು ಫೋಟೊದ ಲೆಕ್ಕದಲ್ಲಿ ನೋಡೋಣ. ಫೋಟೊ 1 ಮೆಗಾಬೈಟ್, ಅಂದರೆ 80 ಲಕ್ಷ ಬಿಟ್. 10 ಮೆಗಾಹರ್ಟ್ಸ್ ಅಗಲದ ಒಂದು 4ಜಿ ದಾರಿ ಪೂರ್ತಿ ನಿಮ್ಮೊಬ್ಬರಿಗೇ ಸಿಕ್ಕಿತೆಂದುಕೊಳ್ಳಿ. ಅಗಲದಲ್ಲಿ ಸುದ್ದಿಗೆ ಸಿಗುವುದು 9 ಮೆಗಾಹರ್ಟ್ಸ್. ಟವರಿನ ಆಡಳಿತಕ್ಕೆ ಹೋಗುವ ಪಾಲನ್ನು ಬದಿಗಿಟ್ಟರೆ, ಮೇಲಿನ ಮೆಟ್ಟಿಲಿನಲ್ಲಿ ಆ ಫೋಟೊ ಇಳಿಯಲು ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಕೆಳಗಿನ ಮೆಟ್ಟಿಲಿನಲ್ಲಿ ಸುಮಾರು ಆರು ಸೆಕೆಂಡು. ಆರು ಸೆಕೆಂಡೇನು ದೊಡ್ಡದಲ್ಲ. ಆದರೆ ದಾರಿ ಒಬ್ಬರಿಗೇ ಸಿಗುವುದಿಲ್ಲ. ಒಂದೇ ಟವರನ್ನು ನೂರಾರು ಜನ ಹಂಚಿಕೊಂಡಾಗ ಆ ಆರು ಸೆಕೆಂಡು ನಿಮಿಷಗಳಾಗಿ ಹಿಗ್ಗುತ್ತದೆ.

ಕಳಿಸುವಾಗಿನ ಕಷ್ಟ ಇನ್ನೂ ಹೆಚ್ಚು. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗಬಲ್ಲದು. 4ಜಿ ಫೋನಿನ ಗರಿಷ್ಠ ಗಂಟಲು ಸಾಮಾನ್ಯವಾಗಿ 0.2 ವ್ಯಾಟ್. ಹಾಗಾಗಿ ವಿಡಿಯೊ ಬರುತ್ತದೆ, ಫೋಟೊ ಹೋಗುವುದಿಲ್ಲ. ಕಾಡೂರಿನ ಜನ "ಬರತೈತಿ, ಹೋಗಂಗಿಲ್ಲ" ಎನ್ನುವುದು ಇದನ್ನೇ.

ಯಾವ ಮೆಟ್ಟಿಲಿನಲ್ಲಿ ನಿಲ್ಲಬೇಕೆಂದು ಟವರಿಗೆ ಗೊತ್ತಾಗುವುದು ಹೇಗೆ? ಮಗುವಿಗೆ ಕಥೆ ಹೇಳುವ ಅಜ್ಜಿಯನ್ನು ನೆನೆಯಿರಿ. ದೀಪ ಆರಿಸಿದೆ, ಮಗುವಿನ ಮುಖ ಕಾಣುವುದಿಲ್ಲ. ಅದಕ್ಕೇ ಅಜ್ಜಿ ಮೊದಲೇ ಹೇಳಿರುತ್ತಾಳೆ, ಹೂಂಗುಟ್ಟಬೇಕು ಎಂದು. "ಹೂಂ" ಚುರುಕಾಗಿದ್ದರೆ ಕಥೆ ಓಡುತ್ತದೆ. "ಹೂಂ" ತಡವಾದರೆ ಅಜ್ಜಿ ನಿಧಾನಿಸುತ್ತಾಳೆ, ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾಳೆ. ಗರಟೆಯೊಳಗಿನ ಫೋನು ಮಾಡುತ್ತಿರುವುದು ಅದನ್ನೇ. ಟವರು ಆಗಾಗ ಎಲ್ಲರಿಗೂ ಗೊತ್ತಿರುವ ಒಂದು ಮಾದರಿ ಸದ್ದು ಕಳಿಸುತ್ತದೆ. ಅದು ತನಗೆ ಎಷ್ಟು ಕದಡಿ ಬಂತೆಂದು ಫೋನು ಅಳೆದು, ಸೊನ್ನೆಯಿಂದ ಹದಿನೈದರ ಒಳಗಿನ ಒಂದು ಸಂಖ್ಯೆಯನ್ನು ವಾಪಸ್ ಕಳಿಸುತ್ತದೆ. ಆ ಸಂಖ್ಯೆಯೇ ಅದರ ಹೂಂ. ಹದಿನೈದು ಎಂದರೆ ಓಡಿಸಿ, ಒಂದು ಎಂದರೆ ಬಿಡಿಸಿ ಹೇಳಿ, ಸೊನ್ನೆ ಎಂದರೆ ಏನೂ ಕೇಳಿಸುತ್ತಿಲ್ಲ. ಫೋನಿನಿಂದ ಟವರಿನ ಕಡೆಗೆ ಹೋಗುವ ದಾರಿಯನ್ನು ಟವರೇ ಅಳೆದುಕೊಂಡು, ನೀನು ಇಂಥ ಮೆಟ್ಟಿಲಿನಲ್ಲಿ ಮಾತಾಡು ಎಂದು ಫೋನಿಗೆ ಅಪ್ಪಣೆ ಕೊಡುತ್ತದೆ.

ಹೂಂ ಇಲ್ಲದ ಮಾತು ಹೇಗಿರುತ್ತದೆಂದು ನೋಡಬೇಕಾದರೆ ರೇಡಿಯೋದ ಕಡೆ ತಿರುಗಬೇಕು. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ 765 ಕಿಲೋಹರ್ಟ್ಸ್‌ನಲ್ಲಿ ಈ ಕಾಡುಗಳಿಗೂ ಹಾಡು ಕಳಿಸುತ್ತಾ ಬಂದಿದೆ. ಆ ಅಲೆ ಸುಮಾರು 390 ಮೀಟರ್ ಉದ್ದದ್ದು, ಗುಡ್ಡವನ್ನು ಬಳಸಿಕೊಂಡು ನೆಲಕ್ಕಂಟಿ ಬರಬಲ್ಲದು. ಆದರೆ ಕೇಳುಗ ಎಲ್ಲಿದ್ದಾನೆ, ಅವನಿಗೆ ಕೇಳಿಸುತ್ತಿದೆಯೇ ಎಂಬುದು ನಿಲಯಕ್ಕೆ ತಿಳಿಯದು. ಹಳಿಯಾಳದವನಿಗೂ ಜೋಯಿಡಾದವನಿಗೂ ಒಂದೇ ಎರಕ. ತೀರಾ ದೂರದವನನ್ನು ಮನಸ್ಸಿನಲ್ಲಿಟ್ಟುಕೊಂಡು ಎಲ್ಲರಿಗೂ ನಿಧಾನವಾಗಿ ಹೇಳಬೇಕು, ಇಲ್ಲವೇ ಅವನನ್ನು ಕೈಬಿಡಬೇಕು. ಮೊಬೈಲಿನಲ್ಲಿ ಒಬ್ಬೊಬ್ಬರೂ ಹೂಂಗುಟ್ಟುವುದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಹದದಲ್ಲಿ ಮಾತಾಡಬಹುದು.

ಈ ವಿಚಾರ ಹೊಸದಲ್ಲ. 1948ರಲ್ಲಿ ಕ್ಲಾಡ್ ಶಾನನ್ ಒಂದು ದಾರಿಯಲ್ಲಿ ತಪ್ಪಿಲ್ಲದೆ ಎಷ್ಟು ಸುದ್ದಿ ಸಾಗಿಸಬಹುದೆಂಬ ಮಿತಿಯನ್ನು ಲೆಕ್ಕ ಹಾಕಿ ತೋರಿಸಿದರು. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಒಂದಿದೆ. ಸಿಗ್ನಲ್ ಗದ್ದಲಕ್ಕಿಂತ ನೂರು ಪಟ್ಟು ಬಲವಾಗಿದ್ದರೆ ಪ್ರತಿ ಹರ್ಟ್ಸ್‌ಗೆ ಸೆಕೆಂಡಿಗೆ 6.66 ಬಿಟ್ ಹೋಗಬಹುದು. ಎರಡೂ ಸಮಸಮ ಇದ್ದರೆ 1 ಬಿಟ್. ಸಿಗ್ನಲ್ ಗದ್ದಲದ ಕಾಲುಭಾಗಕ್ಕೆ ಇಳಿದರೂ 0.32 ಬಿಟ್. ಸೊನ್ನೆ ಆಗುವುದೇ ಇಲ್ಲ. ಗದ್ದಲದೊಳಗೆ ಮುಳುಗಿಹೋದ ಅಲೆಯಿಂದಲೂ ಸುದ್ದಿಯನ್ನು ಹೆಕ್ಕಿ ತೆಗೆಯಬಹುದು, ತಾಳ್ಮೆ ಬೇಕು ಅಷ್ಟೇ. 4ಜಿಯ ಕೆಳಮೆಟ್ಟಿಲು ನಿಂತಿರುವುದು ಈ ನೆಲದ ಮೇಲೆ.

ಕೇಳುಗನ ಉತ್ತರ ನೋಡಿಕೊಂಡು ಕಳಿಸುವುದನ್ನು ತಿದ್ದಿಕೊಳ್ಳಬೇಕೆಂದು ಜೆ. ಎಫ್. ಹೇಯ್ಸ್ 1968ರಲ್ಲಿ ಬರೆದರು. ವೇಗವನ್ನು ಬದಲಿಸುತ್ತಾ ಹೋಗುವ ಬಗ್ಗೆ ಜೆ. ಕೆ. ಕ್ಯಾವರ್ಸ್ 1972ರಲ್ಲಿ ಬರೆದರು. ಆ ಕಾಲದ ಯಂತ್ರಗಳಿಗೆ ಅಷ್ಟು ಚುರುಕಾಗಿ ಅಳೆದು ಬದಲಾಗುವ ಶಕ್ತಿ ಇರಲಿಲ್ಲ. 1997ರಲ್ಲಿ ಆಂಡ್ರಿಯಾ ಗೋಲ್ಡ್‌ಸ್ಮಿತ್ ಮತ್ತು ಮುಂಬೈನಲ್ಲಿ ಹುಟ್ಟಿದ ಪ್ರವೀಣ್ ವರಾಯ್ಯ ಏರಿಳಿಯುವ ದಾರಿಯ ಮಿತಿ ಎಷ್ಟೆಂದು ಗಣಿತದಲ್ಲಿ ತೋರಿಸಿದ ಮೇಲೆ ವಿಷಯಕ್ಕೆ ಜೀವ ಬಂತು. ವರಾಯ್ಯ ಬರ್ಕ್ಲಿಯಲ್ಲಿ ಗೋಲ್ಡ್‌ಸ್ಮಿತ್ ಅವರ ಗುರು. ಗೋಲ್ಡ್‌ಸ್ಮಿತ್ 2020ರಲ್ಲಿ ಮಾರ್ಕೋನಿ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಹಳೆಯ ಫೋನಿನ ಮೂಲೆಯಲ್ಲಿ 'ಇ' ಎಂಬ ಒಂದಕ್ಷರ ಕಾಣುತ್ತಿದ್ದುದು ನಿಮಗೆ ನೆನಪಿರಬಹುದು. ಅದು ಎಜ್. ಮೂಲ ಜಿಎಸ್‌ಎಂನಲ್ಲಿ ಒಂದು ಮಿಡಿತಕ್ಕೆ ಒಂದು ಬಿಟ್ ಮಾತ್ರ. ಎಜ್‌ನಲ್ಲಿ ಗಾಳಿ ಒಳ್ಳೆಯದಿದ್ದರೆ ಮೂರು ಬಿಟ್, ಒಟ್ಟು ಒಂಬತ್ತು ಮೆಟ್ಟಿಲು. ನಮ್ಮ ಜೇಬಿಗೆ ಈ ವಿದ್ಯೆ ಬಂದದ್ದು ಆ ಒಂದಕ್ಷರದ ಮರೆಯಲ್ಲಿ.

ಗೋಲ್ಡ್‌ಸ್ಮಿತ್ ಮತ್ತು ವರಾಯ್ಯರ ಲೆಕ್ಕದಲ್ಲಿ ಒಂದು ವಿಚಿತ್ರ ಉತ್ತರ ಬರುತ್ತದೆ. ಕೇಳಿಸದಿದ್ದಾಗ ಇನ್ನೂ ಜೋರಾಗಿ ಕೂಗುವುದು ನಮ್ಮ ಸ್ವಭಾವ. ಗಣಿತ ಹೇಳುವುದು ಬೇರೆ. ದಾರಿ ಚೆನ್ನಾಗಿರುವಾಗ ಹೆಚ್ಚು ಶಕ್ತಿ ಸುರಿ, ಕೆಟ್ಟಿರುವಾಗ ಕಡಿಮೆ ಮಾಡು, ತೀರಾ ಕೆಟ್ಟಾಗ ಸುಮ್ಮನಿರು. ಈ ಹಂಚಿಕೆಗೆ ಎಂಜಿನಿಯರುಗಳು ಇಟ್ಟಿರುವ ಹೆಸರು ನೀರು ತುಂಬುವುದು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಡ್ಡ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀರು ಏರುತ್ತಾ ಬಂದಾಗ ಆಳದ ಕಣಿವೆಗಳು ಅತಿ ಹೆಚ್ಚು ನೀರು ಹಿಡಿದವು, ದಿಣ್ಣೆಗಳು ಸ್ವಲ್ಪ ಹಿಡಿದವು, ಗುಡ್ಡದ ನೆತ್ತಿಗಳು ಒಣಗಿಯೇ ಉಳಿದು ದ್ವೀಪಗಳಾದವು. ಒಳ್ಳೆಯ ದಾರಿ ಎಂದರೆ ಆಳದ ಕಣಿವೆ, ಕೆಟ್ಟ ದಾರಿ ಎಂದರೆ ಗುಡ್ಡದ ನೆತ್ತಿ, ನೀರು ಎಂದರೆ ಶಕ್ತಿ. ತಾಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಆ ನೀರಿನ ತಳಕ್ಕೆ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಹಿನ್ನೀರಿನ ದಡದಲ್ಲಿ ನಿಂತು ಈ ಲೆಕ್ಕ ನೆನಪಾದಾಗಲೆಲ್ಲ ನನಗೆ ಊರು ಕಳೆದುಕೊಂಡವರ ನೆನಪೂ ಆಗುತ್ತದೆ. ಒಟ್ಟು ಮೊತ್ತ ಹೆಚ್ಚಾದರೆ ಸಾಕು ಎಂಬ ಲೆಕ್ಕದಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಎಂಬ ಪ್ರಶ್ನೆ ಮುಳುಗಿಹೋಗುತ್ತದೆ.

ಟವರಿಗೂ ಈ ಪ್ರಶ್ನೆ ಎದುರಾಗುತ್ತದೆ. ದೂರದ ಫೋನು ಅದೇ ಫೋಟೊಗೆ ಮೂವತ್ತಾರು ಪಟ್ಟು ಸಮಯ ತಿನ್ನುತ್ತದೆ. ಹತ್ತಿರದವರಿಗೆ ಮಾತ್ರ ಕೊಟ್ಟರೆ ಟವರಿನ ಒಟ್ಟು ವೇಗ ಭರ್ಜರಿಯಾಗಿ ಕಾಣುತ್ತದೆ, ಗುಡ್ಡದಾಚೆಯ ಮನೆಗೆ ಏನೂ ಸಿಗುವುದಿಲ್ಲ. ಎಲ್ಲರಿಗೂ ಒಂದೇ ವೇಗ ಕೊಡಹೊರಟರೆ ದೂರದ ನಾಲ್ಕು ಜನರಿಗಾಗಿ ಇಡೀ ಪೇಟೆ ತೆವಳುತ್ತದೆ. ಇವೆರಡರ ನಡುವೆ ಎಂಜಿನಿಯರುಗಳು ಕಂಡುಕೊಂಡ ದಾರಿ ಬಹಳ ಮಾನವೀಯವಾದದ್ದು. ಈ ಕ್ಷಣ ಯಾರ ಸಿಗ್ನಲ್ ಎಲ್ಲರಿಗಿಂತ ಚೆನ್ನಾಗಿದೆ ಎಂದು ಅದು ಕೇಳುವುದಿಲ್ಲ. ಈ ಕ್ಷಣ ಯಾರ ಸಿಗ್ನಲ್ ಅವರವರದೇ ಸರಾಸರಿಗಿಂತ ಚೆನ್ನಾಗಿದೆ ಎಂದು ಕೇಳುತ್ತದೆ. ಗರಟೆಯ ಫೋನು ಎಂದೂ ಹದಿನೈದು ಮುಟ್ಟದು. ಆದರೆ ಎರಡರಲ್ಲಿದ್ದುದು ಒಂದು ಗಳಿಗೆ ನಾಲ್ಕಕ್ಕೆ ಏರಿದರೆ ಆ ಗಳಿಗೆ ಅದರದು. ಪ್ರತಿಯೊಬ್ಬರಿಗೂ ತಮ್ಮ ಮಟ್ಟದ ಒಳ್ಳೆಯ ಗಳಿಗೆಯಲ್ಲಿ ಸರದಿ. ಬಹುಪಾಲು ಟವರುಗಳು ಈ ತತ್ವದ ಒಂದಲ್ಲ ಒಂದು ರೂಪದಲ್ಲಿ ಕೆಲಸ ಮಾಡುತ್ತವೆ.

ಇನ್ನೊಂದು ಸಂಗತಿ ಮೊದಲ ಸಲ ಕೇಳಿದಾಗ ನನಗೆ ನಂಬಲಾಗಿರಲಿಲ್ಲ. 4ಜಿ ಟವರು ಹತ್ತರಲ್ಲಿ ಒಂದು ಸಲ ತಪ್ಪಾಗಲೆಂದೇ ತನ್ನ ವೇಗವನ್ನು ಇಟ್ಟುಕೊಳ್ಳುತ್ತದೆ. ಒಂದೂ ತಪ್ಪದಂತೆ ಕಳಿಸಬೇಕಾದರೆ ಬಹಳ ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಬೇಕು, ಆಗ ದಾರಿಯ ಬಹುಪಾಲು ವ್ಯರ್ಥ. ಹಾಗಾಗಿ ತುಸು ಧೈರ್ಯ ಮಾಡಿ ಒಂದು ಮೆಟ್ಟಿಲು ಮೇಲೆ ನಿಲ್ಲುವುದು, ಬಿದ್ದರೆ ಎದ್ದು ಮತ್ತೆ ಹೇಳುವುದು. ತಪ್ಪಿದ ತುಣುಕನ್ನು ಫೋನು ಬಿಸಾಡುವುದೂ ಇಲ್ಲ. ಸುಮಾರು 8 ಮಿಲಿಸೆಕೆಂಡಿನಲ್ಲಿ ಎರಡನೆಯ ಪ್ರತಿ ಬರುತ್ತದೆ, ಮೊದಲನೆಯ ಅರೆಬರೆ ಪ್ರತಿಗೆ ಅದನ್ನು ಕೂಡಿಸಿ ಪೂರ್ತಿ ಅರ್ಥ ತೆಗೆಯುತ್ತದೆ. "ಏನಂದ್ರಿ?" ಎಂದು ಕೇಳಿ, ಎರಡನೆಯ ಸಲ ಕೇಳಿದ ಅರ್ಧದ ಜೊತೆ ಮೊದಲ ಸಲದ ಅರ್ಧವನ್ನು ನಾವು ಜೋಡಿಸಿಕೊಳ್ಳುವುದಿಲ್ಲವೇ, ಹಾಗೆ. ಹತ್ತಕ್ಕೊಂದು ಎಂಬ ಗುರಿ ತಪ್ಪದಿರಲು ಟವರು ಒಂದು ಸರಳ ನಿಯಮ ಇಟ್ಟುಕೊಳ್ಳುತ್ತದೆ. ಒಂದು ಸಲ ಸರಿಯಾಗಿ ತಲುಪಿದರೆ ಒಂದು ಹೆಜ್ಜೆ ಮೇಲೆ. ಒಂದು ಸಲ ತಪ್ಪಿದರೆ ಒಂಬತ್ತು ಹೆಜ್ಜೆ ಕೆಳಗೆ. ಒಂಬತ್ತು ಗೆಲುವಿಗೆ ಒಂದು ಸೋಲು ಸಮ ಎಂದಾದಾಗ ಹತ್ತಕ್ಕೊಂದು ತಾನಾಗಿ ಬಂತು. ಇಷ್ಟು ಚಿಕ್ಕ ನಿಯಮ ಇಷ್ಟು ದೊಡ್ಡ ಕೆಲಸ ಮಾಡುವುದನ್ನು ಕಂಡಾಗ ಕೈಮುಗಿಯಬೇಕೆನಿಸುತ್ತದೆ.

ಬಸ್ಸಿನಲ್ಲಿ ಕೂತವರ ಕಥೆ ಬೇರೆ. ಮನೆಯಲ್ಲಿ ನಾಲ್ಕು ಬೆರಳಿನ ಏರಿಳಿತ ನಾವು ಕೈಯಾಡಿಸಿದಾಗ ಮಾತ್ರ. ನಡೆಯುವವರು ಆ 8 ಸೆಂಟಿಮೀಟರನ್ನು ದಾಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ಅಷ್ಟರಲ್ಲಿ ಹೂಂ ಟವರಿಗೆ ಮುಟ್ಟಿ ವೇಗ ಬದಲಾಗಿರುತ್ತದೆ. ಗಂಟೆಗೆ 60 ಕಿಲೋಮೀಟರ್ ಓಡುವ ಬಸ್ಸು ಅದನ್ನು 5 ಮಿಲಿಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಫೋನು ಅಳೆದು, ಹೂಂ ಕಳಿಸಿ, ಟವರು ಅದನ್ನು ಓದಿ ಹೊಸ ಮೆಟ್ಟಿಲು ಹಿಡಿಯುವಷ್ಟರಲ್ಲಿ ಆ ಹೂಂ ಹಳಸಿಹೋಗಿರುತ್ತದೆ. ಬಲಿತ ಜಾಗದ ಮಾತು ನಂಬಿ ಟವರು 64 ಚುಕ್ಕಿ ಇಟ್ಟರೆ, ಬಸ್ಸು ಆಗಲೇ ತಗ್ಗಿನಲ್ಲಿ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಓಡುವವರೊಂದಿಗೆ ಟವರು ಸರಾಸರಿ ನೋಡಿಕೊಂಡು ಒಂದೆರಡು ಮೆಟ್ಟಿಲು ಕೆಳಗಿನಿಂದಲೇ ಮಾತಾಡುತ್ತದೆ. ದಾಂಡೇಲಿಯಿಂದ ಜೋಯಿಡಾದ ಕಡೆಗೆ ಹೊರಟ ಬಸ್ಸಿನಲ್ಲಿ ವಿಡಿಯೊ ತಡವರಿಸಿ, ಬಸ್ಸು ನಿಂತ ತಿರುವಿನಲ್ಲಿ ಸರಾಗವಾಗುವುದು ಇದಕ್ಕೇ.

ಜಾಹೀರಾತುಗಳಲ್ಲಿ ನಾವು ಕಾಣುವುದು ಏಣಿಯ ತುದಿಯನ್ನು ಮಾತ್ರ. 5ಜಿಯಲ್ಲಿ 256 ಚುಕ್ಕಿ, ಮನೆಯ ವೈಫೈಯಲ್ಲಿ 1024. ಅದೆಲ್ಲ ನಿಜವಾದ ಸಾಧನೆಯೇ. ಆದರೆ ಈ ವಿದ್ಯೆಯ ಹಿರಿಮೆ ಇರುವುದು ಕೆಳಗಿನ ನಾಲ್ಕು ಮೆಟ್ಟಿಲುಗಳಲ್ಲಿ ಎಂದು ನಾನು ನಂಬಿದ್ದೇನೆ. ನ್ಯಾಯಬೆಲೆ ಅಂಗಡಿಯ ಬೆರಳಚ್ಚಿಗೆ, ಆಂಬುಲೆನ್ಸಿನ ಕರೆಗೆ, ಬ್ಯಾಂಕಿನ ಒಟಿಪಿಗೆ ಬೇಕಾದ ಬಿಟ್‌ಗಳು ಬಹಳ ಕಡಿಮೆ. 78 ಬಿಟ್ಟಿಗೆ 946 ಕಾವಲು ಇಟ್ಟು ಕಳಿಸುವ ಆ ಮೆಟ್ಟಿಲು ಇಲ್ಲದಿದ್ದರೆ ಗರಟೆಯ ಫೋನು ಬರೀ ಗಡಿಯಾರ. ಆ ಮೆಟ್ಟಿಲೂ ಎಟುಕದ ಊರುಗಳಿಗಾಗಿ, ದೇಶದ 24,680 ಹಳ್ಳಿಗಳಿಗೆ 4ಜಿ ಒಯ್ಯುವ 26,316 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಹೊಣೆ ಬಿಎಸ್‌ಎನ್‌ಎಲ್‌ನದು. ಅದರ 4ಜಿಯ ರೇಡಿಯೋ ಉಪಕರಣಗಳು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನವು. ಬಳಸುವ ಅಲೆಗಳಲ್ಲಿ 700 ಮೆಗಾಹರ್ಟ್ಸ್ ಕೂಡ ಸೇರಿದೆ. 43 ಸೆಂಟಿಮೀಟರ್ ಉದ್ದದ ಆ ಅಲೆ ಗುಡ್ಡದ ಅಂಚಿನಲ್ಲಿ ತುಸು ಹೆಚ್ಚು ಬಾಗುತ್ತದೆ, ಎಲೆಗಳ ನಡುವೆ ತುಸು ಕಡಿಮೆ ಸೋಲುತ್ತದೆ. ಕಾಡಿಗೆ ಬೇಕಾದ್ದು ಅಂಥದೇ.

ಆ ಸಂಜೆ ಕತ್ತಲಾಗುವ ಹೊತ್ತಿಗೆ ಮಳೆ ಹಿಡಿಯಿತು. ತಗಡಿನ ಮಾಡಿನ ಮೇಲೆ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು. ನನ್ನ ಫೋನನ್ನು ಗರಟೆಯ ಪಕ್ಕಕ್ಕೆ ಹಿಡಿದು, ಸಿಗ್ನಲ್ ತೋರಿಸುವ ಆ್ಯಪ್ ತೆರೆದೆ. ಅಂಕಿ ಹೆಚ್ಚೇನೂ ಕುಸಿದಿರಲಿಲ್ಲ. ಹೀಗಿದ್ದೂ ಹುಡುಗಿಯ ಫೋಟೊದ ಚಕ್ರ ನಿಂತೇಹೋಗಿತ್ತು.

"ಮಳಿ ನಿಂತ ಮ್ಯಾಲೆ ಹೋಗತೈತ್ರಿ. ಯಾವಾಗ್ಲೂ ಹಂಗ," ಎಂದರು ಆಕೆ, ಚಹಾದ ಲೋಟ ಕೈಗಿಡುತ್ತಾ.

ಅವರ ಮಾತಿನಲ್ಲಿ ಇನ್ನೊಂದು ಏಣಿಯ ಸುಳಿವಿತ್ತು. ಫೋನಿನ ಅಲೆಗೆ ಮಳೆಹನಿ ಲೆಕ್ಕಕ್ಕಿಲ್ಲ, ಹದಿನಾರು ಸೆಂಟಿಮೀಟರಿನ ಅಲೆ ಕೆಲವು ಮಿಲಿಮೀಟರಿನ ಹನಿಯನ್ನು ಗಮನಿಸುವುದೂ ಇಲ್ಲ. ತೊಯ್ದ ಎಲೆ ಕೊಂಚ ತಡೆಯುತ್ತದೆ, ಅಷ್ಟೇ. ಆದರೆ ಫೈಬರ್ ಹೋಗದ ಗುಡ್ಡದ ಟವರು ತನ್ನ ಹಿಂದಿನ ಟವರಿನೊಂದಿಗೆ ಮಾತಾಡುವುದು ಮೈಕ್ರೋವೇವ್‌ನಲ್ಲಿ. ಟವರಿನ ಮೈಗೆ ಅಂಟಿಕೊಂಡ ಬಿಳಿ ಡೊಳ್ಳಿನಂಥ ಡಬ್ಬಿಯನ್ನು ನೀವು ನೋಡಿರುತ್ತೀರಿ. ಅದರ ಅಲೆ ಬಹಳ ಮೋಟು. 23 ಗಿಗಾಹರ್ಟ್ಸ್ ಆದರೆ ಅಲೆಯುದ್ದ 1.3 ಸೆಂಟಿಮೀಟರ್. ಅಂಥ ಅಲೆಯನ್ನು ಮಳೆ ಹೀರಿಬಿಡುತ್ತದೆ. ಹಿಂದೆ ಇಂಥ ಜೋಡಣೆಗಳಲ್ಲಿ ಒಂದೇ ಬಗೆಯ ಮಾಡ್ಯುಲೇಷನ್ ಇರುತ್ತಿತ್ತು, ಮಳೆ ಮಿತಿ ಮೀರಿದರೆ ಸಂಪರ್ಕ ಕಡಿದೇಹೋಗುತ್ತಿತ್ತು. ಈಗ ಅಲ್ಲೂ ಏಣಿ ಬಂದಿದೆ. ಬಿಸಿಲಿನಲ್ಲಿ 256 ಚುಕ್ಕಿಯೋ ಇನ್ನೂ ಹೆಚ್ಚೋ, ಮಳೆ ಬಲಿತಂತೆ 64, 16, ಕೊನೆಗೆ ನಾಲ್ಕು. ಕಡಿಯುವುದಿಲ್ಲ, ಸಣ್ಣಗಾಗುತ್ತದೆ. ಉಳಿದ ಸಣ್ಣ ದಾರಿಯಲ್ಲಿ ಕರೆಗಳಿಗೆ ಮೊದಲು ಜಾಗ, ಫೋಟೊಗಳು ಕಾಯಬೇಕು.

ಏಳೂವರೆಯ ಸುಮಾರಿಗೆ ಮಳೆಯ ಸದ್ದು ಇಳಿಯಿತು, ಮಾಡಿನಂಚಿನಿಂದ ಹನಿ ತೊಟ್ಟಿಕ್ಕುವುದು ಬೇರೆಯಾಗಿ ಕೇಳತೊಡಗಿತು. ಗುಡ್ಡದಾಚೆ ಎಲ್ಲೋ ಆ ಡಬ್ಬಿ ನಾಲ್ಕರಿಂದ ಹದಿನಾರಕ್ಕೆ, ಹದಿನಾರರಿಂದ 64ಕ್ಕೆ ಚುಕ್ಕಿ ಹೆಚ್ಚಿಸಿಕೊಳ್ಳುತ್ತಿತ್ತು. ಗರಟೆಯೊಳಗೆ ಟಿಣ್ ಎಂದಿತು. ಹುಡುಗಿ ಬಂದು ಫೋನನ್ನು ಎತ್ತದೆಯೇ ಬಗ್ಗಿ ನೋಡಿದಳು.

"ಅವ್ವಾ, ಹೋತು," ಎಂದಳು.